ತಡವಾಗಿ ಏಳುವ ಏಳನೆಯದು

ಬೀಗದಕ್ಕನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡ ಅವಳನ್ನು ನೆಲಕ್ಕೆ ಕೆಡವಿ ಬೂಟುಗಾಲಿನಲ್ಲಿ ಒದ್ದಿದ್ದ. ಕತ್ತಿನ ಬುಡದ ಅಡ್ಡ ಮೂಳೆ ಎರಡು ತುಂಡಾಯಿತು. ಆಸ್ಪತ್ರೆಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಅತ್ತೆ ಹಳೆಯ ಬಟ್ಟೆ ಹರಿದು ಬಿಗಿದು ಕಟ್ಟಿದಳು, ಮೂಳೆ ತನಗೆ ತೋಚಿದ ಹಾಗೆ ಒಂದರ ಮೇಲೊಂದು ಹತ್ತಿ ಕೂಡಿಕೊಂಡಿತು. ಗಂಡ ಲಾರಿಗೆ ಸರಕು ತುಂಬುವವನು. ಅವನ ಬೂಟಿಗೆ ಕಬ್ಬಿಣದ ಮೂತಿ. ಮೆಟ್ಟಿಲ ಮೇಲೆ ಅದರ ಸದ್ದು ಕೇಳಿದರೆ ಹಸುಗೂಸು ಸಹ ಅಳು ನಿಲ್ಲಿಸಿ ಕಣ್ಣು ಬಿಡುತ್ತಿತ್ತು.

ಹನ್ನೊಂದು ವರ್ಷ ಒದ್ದ. ಆಮೇಲೆ ಒಂದು ದಿನ ಮೂಟೆಗಳು ಅವನ ಮೇಲೆಯೇ ಜಾರಿ ಬಿದ್ದು ಸತ್ತ. ನೋಡಲು ಬಂದ ಹೆಂಗಸರು, "ಅತ್ತುಬಿಡಮ್ಮ, ಎದೆ ಹಗುರ ಆಗುತ್ತೆ" ಅಂದರು.

"ಆಗಲೇ ಆಗಿದೆ" ಅಂದಳು ಅವಳು.

ಒಂಬತ್ತು ವರ್ಷದ ಮಗನನ್ನು ಕಟ್ಟಿಕೊಂಡು ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ಕಸ ಗುಡಿಸಲು ಸೇರಿದಳು. ಆಗ ಫಿಲ್ಮುಗಳ ಕಾಲ. ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸುವುದನ್ನು ಕಲಿತಳು. ಒಣಗಿದ್ದನ್ನು ಕವರಿಗೆ ಹಾಕಿ ಉಗ್ರಾಣದಲ್ಲಿ ಅಂಕಿಯ ಸಾಲಿಗೆ ಇಡುವುದೂ ಅವಳ ಕೆಲಸವಾಯಿತು. ಅಂಕಿ ಮೊದಲು ಬಂತು, ಅಕ್ಷರ ಹಿಂದಿನಿಂದ ಕುಂಟುತ್ತ ಬಂತು. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ. ಹಾಗಾಗಿ ಎಲ್ಲರಿಗೂ ಬೀಗದಕ್ಕ. ಮಗನಿಗೆ ಮದುವೆಯಾದಾಗ ವಾರ್ಡಿನವರು, "ಇಷ್ಟು ದಿನ ಬೀಗ ಒಂದೇ ಇತ್ತು, ಈಗ ಬೀಗರೂ ಬಂದ್ರಲ್ಲ ಅಕ್ಕ!" ಎಂದು ನಕ್ಕರು. ಅವಳೂ ನಕ್ಕಳು. ಆ ನಗು ಹೆಚ್ಚು ದಿನ ಉಳಿಯಲಿಲ್ಲ.

ಫಿಲ್ಮು ಹೋಗಿ ಯಂತ್ರ ಬಂದಾಗ ಉಗ್ರಾಣದ ಕಪಾಟುಗಳೆಲ್ಲ ಹೋದವು. ಅವುಗಳ ಜಾಗದಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ ನಿಂತಿತು. ಅದರೊಳಗೆ ಸಾಲಾಗಿ ಎಂಟು ಡಿಸ್ಕು. ಯಂತ್ರ ನೋಡಿಕೊಳ್ಳುವ ಸಣಕಲು ಮನುಷ್ಯನನ್ನು ಎಲ್ಲರೂ ಕಂಪ್ಯೂಟರ್ ಮೇಷ್ಟ್ರು ಅನ್ನುತ್ತಿದ್ದರು, ಕೇಳದಿದ್ದರೂ ಪಾಠ ಹೇಳುತ್ತಿದ್ದನಲ್ಲ, ಅದಕ್ಕೆ.

"ನೋಡಿ ಅಕ್ಕ, ಒಬ್ಬ ರೋಗಿಯ ಚಿತ್ರ ಒಂದೇ ಡಿಸ್ಕಲ್ಲಿ ಇರಲ್ಲ. ಒಂದು ಕಥೇನ ಎಂಟು ಜನಕ್ಕೆ ಹಂಚಿ ಹೇಳಿದ ಹಾಗೆ. ಒಬ್ಬ ಮರೆತ್ರೆ ಮಿಕ್ಕ ಏಳು ಜನ ಸೇರಿ ಅವನ ಪಾಲನ್ನೂ ಹೇಳ್ತಾರೆ."

"ಇಬ್ರು ಮರೆತ್ರೆ?"

"ಕಥೆ ಮುಗೀತು."

ಕರೆಂಟು ಹೋಗಿ ಬಂದಾಗ ಗುಂಡಿ ಒತ್ತುವುದು, ದೀಪ ಎಣಿಸುವುದು, ಪುಸ್ತಕದಲ್ಲಿ ಗುರುತು ಹಾಕುವುದು ಬೀಗದಕ್ಕನ ಪಾಲಿಗೆ ಬಂತು. ಯಂತ್ರ ಎದ್ದ ಕೂಡಲೇ ಮೊದಲು ಏನು, ಆಮೇಲೆ ಏನು ಎಂದು ಅದಕ್ಕೊಂದು ಪಟ್ಟಿ ಬರೆದಿಟ್ಟಿರಬೇಕಂತೆ. ಮೇಷ್ಟ್ರು ಅದನ್ನು ಬೂಟ್ ಸ್ಕ್ರಿಪ್ಟು ಅಂದ. ಬೀಗದಕ್ಕನಿಗೆ ಗೊತ್ತಿದ್ದದ್ದು ಒಂದೇ ಬೂಟು. ಆ ಮಾತು ಕೇಳಿದಾಗಲೆಲ್ಲ ಅವಳ ಎಡ ಹೆಗಲು ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು.

ಆ ಪಟ್ಟಿ ಬರೆಯುವ ಮುಂಚೆ ಮೇಷ್ಟ್ರು, "ದೀಪಗಳು ಹೇಗೆ ಹತ್ತುತ್ತವೆ ಅಂತ ಒಂದು ವಾರ ನೋಡಿ ಬರೆದಿಡಿ ಅಕ್ಕ" ಅಂದಿದ್ದ. ಅವಳು ನೋಡಿದಳು. ಡಿಸ್ಕುಗಳು ಒಟ್ಟಿಗೆ ಎಚ್ಚರವಾಗುವುದಿಲ್ಲ. ಮನೆಯ ಮಕ್ಕಳ ಹಾಗೆ ಒಂದು ಕರೆದ ಕೂಡಲೇ ಏಳುತ್ತದೆ, ಇನ್ನೊಂದು ಮಗ್ಗುಲು ಬದಲಿಸುತ್ತದೆ. ಚೀಟಿಯಲ್ಲಿ ಬರೆದಳು: "ದೀಪ ಮೊದಲು ಹಳದಿ. ಏಳು ತನಕ ಕಾಯಬೇಕು. ಆಮೇಲೆ ಸುರು."

ಅವಳು ಬರೆಯಬೇಕಾಗಿದ್ದದ್ದು ಏಳುವ ತನಕ ಎಂದು. ಒಂದು 'ವ' ಬಿಟ್ಟುಹೋಯಿತು. ಮೇಷ್ಟ್ರು ಅದನ್ನು ಅಂಕಿಯೆಂದು ಓದಿದ. ಒಂದರಿಂದ ಏಳು ಎಣಿಸುವಷ್ಟು ಹೊತ್ತು ಕಾಯಿ, ಅಷ್ಟರಲ್ಲಿ ಎದ್ದವರನ್ನು ಕಟ್ಟಿಕೊಂಡು ಕೆಲಸ ಶುರು ಮಾಡು, ಏಳದವರನ್ನು ಬಿಟ್ಟುಬಿಡು ಎಂದು ಯಂತ್ರಕ್ಕೆ ಬರೆದ. ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎಂಟು ಡಿಸ್ಕೂ ಆರು ಎಣಿಸುವುದರೊಳಗೆ ಏಳುತ್ತಿದ್ದವು. ಆಮೇಲೆ ಏಳನೆಯ ಗೂಡಿನದು ಸತ್ತಿತು. ಅದರ ಜಾಗಕ್ಕೆ ಬೇರೆ ಯಂತ್ರದಿಂದ ಬಿಚ್ಚಿದ ಹಳೆಯದೊಂದನ್ನು ಹಾಕಿದರು. ಅದು ಏಳುವುದಕ್ಕೆ ಹನ್ನೊಂದು ಎಣಿಸಬೇಕು. ಅಲ್ಲಿಂದ ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಏಳನೆಯದು ಹೊರಗೆ, ಕೆಂಪು ದೀಪ. ಮೇಷ್ಟ್ರು ಬಂದು ಅದನ್ನು ಕೈಯಿಂದ ಒಳಗೆ ಸೇರಿಸಬೇಕು. ಮಿಕ್ಕವು ಅದಕ್ಕೆ ಅದರ ಪಾಲಿನ ಕಥೆಯನ್ನು ಮೊದಲಿನಿಂದ ಹೇಳಿಕೊಡುವಷ್ಟರಲ್ಲಿ ಸಂಜೆ. ಅಷ್ಟು ಹೊತ್ತೂ ಇನ್ನೊಂದು ಕೈಕೊಟ್ಟರೆ ಗತಿಯಿಲ್ಲ. ನಕಲು ಇಡಬೇಕಾದ ಇನ್ನೊಂದು ಯಂತ್ರ ಆರು ತಿಂಗಳಿಂದ ಕೆಟ್ಟು ಕೂತಿತ್ತು.

ಮೇಷ್ಟ್ರು ಆ ಡಿಸ್ಕನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದ. ಒಂದು ದಿನ ಬೀಗದಕ್ಕ, "ಅದು ಏಳೋಕೆ ಮುಂಚೆ ಯಾಕ್ರೀ ಬಿಟ್ಟು ಓಡುತ್ತೆ ಈ ಯಂತ್ರ?" ಎಂದು ಕೇಳಿದಳು.

"ನೀವೇ ಬರೆದಿದ್ರಲ್ಲ, ಏಳು ತನಕ ಅಂತ. ಏಳು ಎಣಿಸುತ್ತೆ."

"ಅಯ್ಯೋ ನನ್ನಪ್ಪಾ! ಏಳೋ ತನಕ ಅಂದೆ ನಾನು! ಮಲಗಿದವರು ಏಳ್ತಾರಲ್ಲ, ಆ ಏಳು!"

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆ ಸರಿ ಮಾಡ್ತೀನಿ" ಅಂದ. ನಾಳೆ ಎಂದರೆ ಹಾಳು. ಮೂರು ವಾರ ಕಳೆಯಿತು.

ಅಷ್ಟರಲ್ಲಿ ಸೊಸೆಯ ದವಡೆ ಮುರಿಯಿತು.

ಮಗ ಸರಕಿನ ವ್ಯಾನು ಓಡಿಸುತ್ತಿದ್ದ. ಅಪ್ಪ ಸತ್ತಾಗ ಒಂಬತ್ತು ವರ್ಷ, ನೋಡಿ ಕಲಿಯುವುದಕ್ಕೆ ಅಷ್ಟು ಸಾಕಾಗಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಹಾಕುವ ಸೊಸೆ ಮೊದಲ ಸಲ ಮುರಿದ ಮಣಿಕಟ್ಟು ಹಿಡಿದು ಬಂದಾಗ ಮೆಟ್ಟಿಲಿಂದ ಬಿದ್ದೆ ಅಂದಳು. ಎರಡನೆಯ ಸಲ ಎರಡು ಪಕ್ಕೆಲುಬು, ಆಗ ಬಚ್ಚಲಲ್ಲಿ ಜಾರಿದೆ ಅಂದಳು. ಬೀಗದಕ್ಕ ಆ ಎರಡು ಸಲವೂ ಪಕ್ಕದಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ. ಮೂರನೆಯ ಸಲ ದವಡೆಗೆ ತಂತಿ ಕಟ್ಟಿದ ಮೇಲೆ ಸೊಸೆ ಏನನ್ನೂ ಹೇಳುವ ಹಾಗಿರಲಿಲ್ಲ. ಎಕ್ಸ್‌ರೇ ಡಾಕ್ಟರಮ್ಮ ಮೂರು ಸಲದ ಹದಿಮೂರು ಚಿತ್ರಗಳನ್ನು ಪರದೆಯ ಮೇಲೆ ಸಾಲಾಗಿ ತೆರೆದು ಬೀಗದಕ್ಕನನ್ನು ಕರೆದರು.

"ಇದು ಯಾವ ಮೆಟ್ಟಿಲು, ನೀವೇ ಹೇಳಿ."

ಮಣಿಕಟ್ಟಿನ ಹಿಂದೆ, ಯಾರೂ ಆಸ್ಪತ್ರೆಗೆ ತರದೆ ತಾನೇ ಕೂಡಿಕೊಂಡ ಹಳೆಯ ಬಿರುಕೊಂದು ಬೆಳ್ಳಗೆ ಕಾಣುತ್ತಿತ್ತು. ಒಂದರ ಮೇಲೊಂದು ಹತ್ತಿ ಕೂಡಿಕೊಂಡಿತ್ತು. ಬೀಗದಕ್ಕ ತನ್ನ ಹೆಗಲು ಮುಟ್ಟಿಕೊಂಡಳು.

"ಮೆಟ್ಟಿಲಲ್ಲ ಡಾಕ್ಟರಮ್ಮ. ನನ್ನ ಮಗ" ಅಂದಳು.

ಡಾಕ್ಟರಮ್ಮ ಪೊಲೀಸರಿಗೆ ಬರೆದರು. ಸೋಮವಾರ ಹನ್ನೊಂದು ಗಂಟೆಗೆ ಕೋರ್ಟು, ಅದುವರೆಗೆ ಮಗ ಜಾಮೀನಿನ ಮೇಲೆ ಹೊರಗಿದ್ದ. ಮಗನನ್ನು ಒಳಗೆ ಹಾಕುವುದೋ, ಹೊರಗೆ ಬಿಡುವುದೋ ಅಂದು ತೀರ್ಮಾನ. ಬಿಟ್ಟರೆ ಹೆಂಡತಿಯನ್ನು ಮನೆಗೆ ಎಳೆದುಕೊಂಡು ಹೋಗುವುದು ಖಂಡಿತ, ನಾಲ್ಕನೆಯ ಸಲ ಅವಳು ಆಸ್ಪತ್ರೆಗೆ ಬರುತ್ತಾಳೋ ನೇರ ಮಣ್ಣಿಗೆ ಹೋಗುತ್ತಾಳೋ ಹೇಳಲಾಗದು. ಬೆಳಿಗ್ಗೆ ಡಾಕ್ಟರಮ್ಮ ಬಂದು ತಮ್ಮ ಪಾಸ್‌ವರ್ಡು ಹಾಕಿ ಆ ಹದಿಮೂರು ಚಿತ್ರಗಳನ್ನು ಅಚ್ಚು ತೆಗೆದು ಕೊಡಬೇಕು. ಅಲ್ಲಿಯ ತನಕ ಅವು ಪೆಟ್ಟಿಗೆಯಲ್ಲಿ ಇರಬೇಕು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹೋಯಿತು. ಬಂತು. ಬೀಗದಕ್ಕ ಗುಂಡಿ ಒತ್ತಿದಳು, ಎಣಿಸಿದಳು. ಏಳು ಎಣಿಸುವಷ್ಟರಲ್ಲಿ ಯಂತ್ರ ಹೊರಟಿತು. ಏಳನೆಯದು ಕೆಂಪು. ಫೋನು ಮಾಡಿದಳು.

"ಮತ್ತೆ ಅದೇನಾ?" ಅಂದ ಮೇಷ್ಟ್ರು. "ಮಧ್ಯಾಹ್ನ ಬಂದು ಸೇರಿಸ್ತೀನಿ. ಚಿತ್ರಗಳೆಲ್ಲ ಮಿಕ್ಕ ಏಳರಲ್ಲಿ ಭದ್ರ ಇವೆ. ಕೆಂಪು ಸದ್ಯಕ್ಕೆ ಬರೀ ಕಬ್ಬಿಣ. ಆದ್ರೆ ಹಸಿರು ದೀಪ ಇರೋದು ಒಂದು ಆಚೆ ಬಂದ್ರೂ ಎಲ್ಲ ಹೋಯ್ತು ಅಂತ ತಿಳ್ಕೊಳ್ಳಿ. ಯಾರನ್ನೂ ಒಳಗೆ ಬಿಡಬೇಡಿ."

ಹತ್ತೂವರೆಗೆ ಬಾಗಿಲು ಬಡಿಯಿತು.

"ಅಮ್ಮ, ನಾನು. ಬಾಗಿಲು ತೆಗಿ."

"ಏನು ಬೇಕಿತ್ತು?"

"ಕೂತು ಮಾತಾಡೋಣ ಅಂತ. ಎರಡು ದಿನದಿಂದ ಊಟ ಸೇರ್ತಿಲ್ಲ ನಂಗೆ."

ಹೆತ್ತ ಕರುಳು ಕೈಗೆ ಹೇಳಿತು, ಕೈ ಬೀಗ ತೆಗೆಯಿತು. ಬುದ್ಧಿಯನ್ನು ಯಾರೂ ಕೇಳಲಿಲ್ಲ.

ಒಳಗೆ ಬಂದವನೇ ಬಾಗಿಲಿಗೆ ಬೆನ್ನು ಕೊಟ್ಟು ಚಿಲಕ ಹಾಕಿದ. ಅಂಗಿಯ ತೋಳಿನೊಳಗಿಂದ ಟೈರು ಬಿಚ್ಚುವ ಕಬ್ಬಿಣದ ಸಲಾಕೆ ಜಾರಿ ಕೈಗೆ ಬಂತು.

"ಅವಳ ಫೋಟೋ ಯಾವುದರಲ್ಲಿವೆ?"

"ಯಾರವು?"

"ನಾಟಕ ಬೇಡ. ಲಾಯರ್ ಹೇಳಿದ, ಆ ಫೋಟೋ ಇಲ್ಲ ಅಂದ್ರೆ ಕೇಸೂ ಇಲ್ಲ. ಅವಳ ಬಾಯಿ ಹೇಗೂ ಮುಚ್ಚಿದೆ."

"ಮುಚ್ಚಿದ್ದಲ್ಲ, ನೀನು ಮುರಿದದ್ದು."

ಅಂಗೈ ಬೀಸಿ ಕೆನ್ನೆಗೆ ಹೊಡೆದ. ಅವಳ ತಲೆ ಗೋಡೆಗೆ ಬಡಿದು ಕಿವಿಯಲ್ಲಿ ಶಿಳ್ಳೆ ಹೊಡೆದ ಹಾಗಾಯಿತು. ಅವಳು ಗೋಡೆ ಹಿಡಿದುಕೊಂಡೇ ಸರಿದು ಪೆಟ್ಟಿಗೆಯ ಮುಂದೆ ನಿಂತಳು.

"ಸರಿ ಆಚೆ! ಪೆಟ್ಟಿಗೇನೇ ಚಚ್ಚಿಹಾಕ್ತೀನಿ!" ಸಲಾಕೆ ತಲೆಯ ಮೇಲಕ್ಕೆ ಹೋಯಿತು.

"ಚಚ್ಚು. ಊರಿನವರ ಮೂಳೆಯೆಲ್ಲ ಇದರಲ್ಲೇ ಇದೆ. ನಾಳೆ ಇಡೀ ಊರು ನಿನ್ನ ಹುಡುಕಿಕೊಂಡು ಬರುತ್ತೆ. ಒಂದು ಹೋದ್ರೆ ತಾನೇ ಕೆಟ್ಟಿತು ಅಂತಾರೆ, ವಾರಕ್ಕೊಂದು ಸಲ ಕೆಡೋದೇ ಇದು. ಎಂಟೂ ಹೋದ್ರೆ ಯಾರು ಮಾಡಿದ್ದು ಅಂತ ಕೇಳಲ್ವಾ?"

ಸಲಾಕೆ ಅಲ್ಲೇ ನಿಂತಿತು.

"ಹಾಗಾದ್ರೆ ಅವಳದ್ದು ಯಾವುದರಲ್ಲಿ? ಅದೊಂದು ಕೊಡು."

ಒಬ್ಬೊಬ್ಬರ ಚಿತ್ರಕ್ಕೆ ಒಂದೊಂದು ಡಿಸ್ಕು ಎಂದು ಅವನು ತಿಳಿದಿದ್ದ. ಅವನು ಹಾಗೆ ತಿಳಿದದ್ದನ್ನು ಕಂಡ ಕೂಡಲೇ ಬೀಗದಕ್ಕನ ಕಣ್ಣು ಕೆಂಪು ದೀಪದ ಕಡೆಗೆ ಹೋಗಲು ನೋಡಿತು. ಹೋಗಗೊಡಲಿಲ್ಲ, ನೆಲ ನೋಡಿದಳು. ಈಗಲೇ ಏಳನೆಯದು ಅಂದರೆ ಅವನು ನಂಬುವುದಿಲ್ಲ. ಅಪ್ಪನ ಮಗ. ಕೇಳಿದ ಕೂಡಲೇ ಬಂದ ಮಾತನ್ನು ಆ ವಂಶದ ಗಂಡಸರು ಸುಳ್ಳು ಅನ್ನುತ್ತಿದ್ದರು, ಹೊಡೆತದ ಹಿಂದೆ ಬಂದದ್ದಾದರೆ ಮಾತ್ರ ನಿಜ. ಗಂಡ ಮೂರನೆಯ ಪೆಟ್ಟಿಗೆ ನಂಬುತ್ತಿದ್ದ. ಇವನು ಎಷ್ಟಕ್ಕೆ ನಂಬಿಯಾನು? ಫಿಲ್ಮು ತೊಳೆಯುವಾಗ ಎಷ್ಟು ಎಣಿಸಿ ಎತ್ತಬೇಕು ಎಂದು ಲೆಕ್ಕ ಹಾಕಿದ ಹಾಗೆ ಅವಳು ಲೆಕ್ಕ ಹಾಕಿದಳು. ಕೆನ್ನೆಯದು ಕೋಪದ್ದು, ಅದು ಲೆಕ್ಕಕ್ಕಿಲ್ಲ.

"ನಂಗೊತ್ತಿಲ್ಲ" ಅಂದಳು.

ಒಂದು. ಸಲಾಕೆ ತೊಡೆಗೆ ಬಿತ್ತು. ಮಂಡಿ ಮಡಚಿತು.

"ಮೇಷ್ಟ್ರನ್ನ ಕೇಳು. ನಾನು ಕಸ ಗುಡಿಸೋಳು."

ಎರಡು. ತಲೆ ಉಳಿಸಿಕೊಳ್ಳಲು ಎತ್ತಿದ ಎಡಗೈಗೆ ಬಿತ್ತು. ಒಣ ಕಡ್ಡಿ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಅವಳ ಬಾಯಿಂದ ಬಂದ ಕೂಗು ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ. ಮಗನ ಮುಖ ಒಂದು ಕ್ಷಣ ಬಿಳಿಚಿತು. ಇಲ್ಲಿಗೆ ನಿಲ್ಲಿಸುತ್ತಾನೇನೋ ಎಂದು ಅವಳ ಎದೆ ಆಸೆಪಟ್ಟಿತು. ನಿಲ್ಲಿಸಿದ್ದರೆ ಅವಳ ಲೆಕ್ಕವೆಲ್ಲ ತಪ್ಪುತ್ತಿತ್ತು. ತಪ್ಪಿದ್ದರೆ ಅವಳಿಗೆ ಸಂತೋಷವೇ ಆಗುತ್ತಿತ್ತು.

ಅವನು ಸಲಾಕೆ ಎಡಗೈಗೆ ದಾಟಿಸಿ, ಬಲಗೈಯಿಂದ ಕೂದಲು ಹಿಡಿದು ಜಗ್ಗಿದ. "ನನ್ನ ಜೈಲಿಗೆ ಹಾಕ್ಸಿ ಅವಳನ್ನ ಮಗಳು ಮಾಡ್ಕೊತೀಯಾ? ಹೆತ್ತವಳೇನೇ ನೀನು?"

ಮೂರು. ಪಕ್ಕೆಗೆ ಬೂಟು. ಅವನ ಬೂಟಿಗೂ ಮೂತಿಯಲ್ಲಿ ಕಬ್ಬಿಣವಿತ್ತು. ಅವಳು ಕೆಳಗೆ ಬಿದ್ದಳು. ಬಾಯಲ್ಲಿ ರಕ್ತದ ಉಪ್ಪು. ಇಷ್ಟಕ್ಕೆ ಹೇಳಿಬಿಡೋಣ ಅನ್ನಿಸಿತು, ನಾಲಿಗೆಯ ತುದಿಗೂ ಬಂತು. ಬೇಡ, ಇವನ ಕಣ್ಣಲ್ಲಿ ಇನ್ನೂ ಅನುಮಾನವಿದೆ. ಇನ್ನೊಂದು ತಡೆದುಕೋ.

ನಾಲ್ಕು. ಅದೇ ಪಕ್ಕೆಗೆ. ಉಸಿರು ಹೊರಗೆ ಹೋದದ್ದು ವಾಪಸು ಬರಲು ಮರೆತಂತಾಯಿತು.

"ಏಳೇ! ಎದ್ದು ತೋರಿಸು! ಏಳು ಅಂದೆ!"

"ಏಳು" ಅಂದಳು ಅವಳು.

"ಅಣಕಿಸ್ತೀಯಾ ನನ್ನ?" ಬೂಟು ಮತ್ತೆ ಹಿಂದಕ್ಕೆ ಹೋಯಿತು.

"ಏಳು... ಏಳನೇದು ಕಣೋ. ಕೆಂಪು ದೀಪ ಕಾಣಲ್ವಾ? ಪೊಲೀಸ್ ಕೇಸು ಅಂತ ಗುರುತು. ಹೊಡೀಬೇಡ ಇನ್ನು, ಸಾಕು."

ಹೆಂಡತಿಯ ಕಾಗದಗಳ ಮೇಲೆ ಪೊಲೀಸ್ ಕೇಸೆಂದು ಕೆಂಪು ಮುದ್ರೆ ಒತ್ತಿದ್ದನ್ನು ಅವನು ನೋಡಿದ್ದ. ಪೆಟ್ಟಿಗೆಯ ಹತ್ತಿರ ಹೋಗಿ, ಅವಳೇ ಅಂಟಿಸಿದ್ದ ಅಂಕಿಗಳ ಮೇಲೆ ಬೆರಳಿಟ್ಟು ಎಣಿಸಿದ. ಬೆರಳು ಐದರ ಮೇಲೆ ತಡೆಯಿತು, ಆರರ ಮೇಲೆ ತಡೆಯಿತು. ಅವಳು ಉಸಿರು ಹಿಡಿದಳು. ಹಿಡಿಯಲು ಹೆಚ್ಚೇನೂ ಉಳಿದಿರಲಿಲ್ಲ. ಏಳನೆಯದರ ಹಿಡಿ ಎತ್ತಿ ಎಳೆದ. ಹೊರಗೆ ಬಂತು.

ನೆಲಕ್ಕೆ ಹಾಕಿ ಸಲಾಕೆಯಿಂದ ಚಚ್ಚಿದ. ಮುಚ್ಚಳ ಸೀಳಿತು, ಒಳಗಿನ ತಟ್ಟೆಗಳು ಕನ್ನಡಿಯ ಹಾಗೆ ಹೊಳೆಯುತ್ತ ಹೊರಬಿದ್ದವು. ಅವನ್ನೂ ಬೂಟಿನಲ್ಲಿ ತುಳಿದು ಬಗ್ಗಿಸಿದ. ಬೆವರು ಒರೆಸಿಕೊಂಡು, "ಇಷ್ಟಕ್ಕೆ ಇಷ್ಟು ಹೊಡೆಸ್ಕೊಂಡೆಯಲ್ಲಮ್ಮ, ಮೊದಲೇ ಹೇಳಿದ್ರೆ ಏನಾಗ್ತಿತ್ತು?" ಅಂದ. ಅವನ ದನಿಯಲ್ಲಿ ನಿಜವಾಗಿಯೂ ನೋವಿತ್ತು.

ಕೂಗು ಕೇಳಿ ಗೇಟಿನ ಕಾವಲುಗಾರ ಓಡಿ ಬಂದಿದ್ದ. ಮಗ ಚಿಲಕ ತೆಗೆದು ಹೊರಬಿದ್ದಾಗ ಕಾರಿಡಾರಿನಲ್ಲಿ ಇಬ್ಬರೂ ಎದುರುಬದುರಾದರು. ಸಲಾಕೆ ಕಾವಲುಗಾರನ ಎರಡು ಹಲ್ಲು ಉದುರಿಸಿತು, ಕಾವಲುಗಾರನ ದೊಣ್ಣೆ ಮಗನ ಬಲಗೈ ಬೆರಳುಗಳನ್ನು ಗೋಡೆಗೆ ಸೇರಿಸಿ ಜಜ್ಜಿತು. ಪೊಲೀಸರು ಬರುವ ತನಕ ಅವನ ಎದೆಯ ಮೇಲೆ ಕೂತಿದ್ದ ಕಾವಲುಗಾರ ರಕ್ತ ಉಗಿಯುತ್ತ, "ಹೆತ್ತವಳಿಗೆ ಕೈ ಎತ್ತೋನು ನೀನು, ನನ್ನ ಹಲ್ಲು ಯಾವ ಲೆಕ್ಕ ನಿಂಗೆ!" ಅನ್ನುತ್ತಿದ್ದನಂತೆ.

ಬೀಗದಕ್ಕ ನೆಲದ ಮೇಲಿಂದಲೇ ದೀಪ ಎಣಿಸಿದಳು. ಹಸಿರು ಏಳು. ಮತ್ತೊಮ್ಮೆ ಎಣಿಸಿದಳು.

ಫೋನು ಮಾಡಿ ಕರೆಸಿದ ಮೇಷ್ಟ್ರು ನೆಲದ ಚೂರು, ರಕ್ತ ನೋಡಿ, "ಅಯ್ಯೋ ಅಕ್ಕಾ! ತಡೀರಿ, ಮೊದಲು ಇದನ್ನ ಆಫ್ ಮಾಡಿ ನೋಡ್ತೀನಿ" ಎಂದು ಗುಂಡಿಗೆ ಕೈ ಚಾಚಿದ.

"ಆ ಗುಂಡಿ ಮುಟ್ಟಿದ್ರೆ ಕೈ ಕಚ್ಚಿಬಿಡ್ತೀನಿ ಮೇಷ್ಟ್ರೇ. ಆಫ್ ಮಾಡಿದ್ಮೇಲೆ ಇನ್ನೊಂದು ಏಳದೇ ಹೋದ್ರೆ? ನಿಮ್ಮ ಪಟ್ಟಿ ಕಾಯುತ್ತಾ ಅದಕ್ಕೆ? ಡಾಕ್ಟರಮ್ಮನ್ನ ಕರೀರಿ."

ಸ್ಟ್ರೆಚರು ಬಂದರೂ ಅವಳು ಮಲಗಲಿಲ್ಲ. ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಡಾಕ್ಟರಮ್ಮ ಮನೆಯ ಚಪ್ಪಲಿಯಲ್ಲೇ ಓಡಿ ಬಂದು ಪಾಸ್‌ವರ್ಡು ಹಾಕಿದರು. ಮಣಿಕಟ್ಟು ಬಂತು, ಪಕ್ಕೆಲುಬು ಬಂತು, ದವಡೆ ಬಂತು. ಒಂದೊಂದು ಅಚ್ಚೂ ಹೊರಬಿದ್ದ ಹಾಗೆ ಬೀಗದಕ್ಕ ಬೆರಳು ಮಡಚಿದಳು. ಹದಿಮೂರು ಆದ ಮೇಲೆ, "ಈಗ ಎಲ್ಲಿಗೆ ಬೇಕಾದ್ರೂ ಎತ್ಕೊಂಡು ಹೋಗಿ" ಅಂದಳು. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು, ಕಣ್ಣು ಒರೆಸಿಕೊಳ್ಳುತ್ತ, ಆ ಪಟ್ಟಿಯಿಂದ ಏಳರ ಎಣಿಕೆ ಅಳಿಸಿದ. ಎಲ್ಲರೂ ಏಳುವ ತನಕ ಕಾಯಿ, ಏಳದಿದ್ದರೆ ಹೊರಡಬೇಡ, ಕೂಗಿ ಕರೆ ಎಂದು ಬರೆದ.

ಮೇಲಿನ ವಾರ್ಡಿನಿಂದ ಸೊಸೆ ಇಳಿದು ಬಂದಳು. ತಂತಿ ಕಟ್ಟಿದ ಬಾಯಿಂದ ಮಾತು ಬಾರದೆ ಚೀಟಿಯಲ್ಲಿ ಬರೆದು ತೋರಿಸಿದಳು: "ಅವರು ನಿಮ್ಮ ಮಗ ಅತ್ತೆ."

"ಗೊತ್ತಮ್ಮ" ಅಂದಳು ಬೀಗದಕ್ಕ. "ಹೆರುವಾಗ ನಾನೂ ಅಲ್ಲೇ ಇದ್ದೆನಲ್ಲ."

ಸೊಸೆಗೆ ನಗು ಬಂತು. ದವಡೆ ನೋಯಿತು. ಅತ್ತೆಯ ಕಾಲ ಮೇಲೆ ತಲೆಯಿಟ್ಟು ಅತ್ತಳು.

ಬೀಗದಕ್ಕನ ಕೈಯ ಚಿತ್ರ ತೆಗೆದು ಮುಗಿಸುವ ಹೊತ್ತಿಗೆ ಪೊಲೀಸರು ಮಗನನ್ನೂ ಅದೇ ಕೋಣೆಗೆ ಕರೆತಂದರು. ಬಲಗೈ ಊದಿ ಕುಂಬಳಕಾಯಿ ಆಗಿತ್ತು. ಪರದೆಯ ಮೇಲೆ ಅವಳ ಕೈಮೂಳೆ ಇತ್ತು, ಅದರ ಪಕ್ಕದ ಪಟ್ಟಿಯಲ್ಲಿ ಹಿಂದಿನ ರೋಗಿಗಳ ಚಿತ್ರಗಳ ಸಾಲು. ಅದರಲ್ಲಿ ಮೂರು ಕಡೆ ಹೆಂಡತಿಯ ಹೆಸರು ಓದಿದ ಮಗ ತಾಯಿಯ ಕಡೆ ತಿರುಗಿದ.

"ನೀನು ಸುಳ್ಳು ಹೇಳಿದೆ."

"ಹೌದು."

"ಅಷ್ಟು ಹೊಡೆಸ್ಕೊಂಡು ಸುಳ್ಳು ಹೇಳಿದ್ಯಾ?"

"ಮೊದಲನೇ ಏಟಿಗೇ ಹೇಳ್ಬೋದಿತ್ತು. ನೀನು ನಂಬ್ತಿರಲಿಲ್ಲ."

ಚಿತ್ರ ತೆಗೆಯುವವನು ಮಗನ ಕೈಯನ್ನು ಹಲಗೆಯ ಮೇಲೆ ಹರಡಿ, "ಇವರ ಕಡೆಯವರು ಯಾರು?" ಎಂದು ಕೇಳಿದ. ಬೀಗದಕ್ಕ ಬಲಗೈ ಚಾಚಿ ಚೀಟಿ ಇಸಿದುಕೊಂಡಳು. ಸಂಬಂಧ ಎಂಬಲ್ಲಿ ತಾಯಿ ಎಂದು ನಿಧಾನವಾಗಿ, ಒಂದಕ್ಷರವೂ ಬಿಡದೆ ಬರೆದಳು. ಅದರ ಮೇಲೆ ಪೊಲೀಸ್ ಕೇಸಿನ ಕೆಂಪು ಮುದ್ರೆ ಒತ್ತಿದಳು.

ಹಲಗೆಯ ಮೇಲೆ ಮಗನ ಬೆರಳುಗಳು ನಡುಗುತ್ತಿದ್ದವು.

"ಕೈ ಅಲ್ಲಾಡಿಸ್ಬೇಡ" ಅಂದಳು. "ಚಿತ್ರ ಕೆಡುತ್ತೆ."